ಐದು ಗೇಣಿನ ಟಿವಿ

ನಿಮ್ಮ ಮನೆಯ ಟಿವಿ ಎಷ್ಟು ಗೇಣು ಇದೆ, ಹೇಳಿ ನೋಡೋಣ? ಇಂಚಿನ ಲೆಕ್ಕ ಬೇಡ. ಅದು ಅಂಗಡಿಯವರ ಲೆಕ್ಕ, ಯಾರು ಬೇಕಾದರೂ ಹೇಳುತ್ತಾರೆ. ಎದ್ದು ಹೋಗಿ, ಹೆಬ್ಬೆರಳನ್ನು ಒಂದು ಅಂಚಿಗೆ ಒತ್ತಿ, ಕಿರುಬೆರಳನ್ನು ಆದಷ್ಟು ಚಾಚಿ, ಹಾಗೇ ದಾಟಿಸುತ್ತ ಈ ಕಡೆಯಿಂದ ಆ ಕಡೆಗೆ ಬನ್ನಿ. ಮನೆಯಲ್ಲಿ ಯಾರಾದರೂ ನೋಡಿ ಇವರಿಗೇನಾಯಿತು ಎಂದರೆ ನನ್ನ ಮೇಲೆ ಹೇಳಬೇಡಿ. ನಮ್ಮ ಮನೆಯದು ಐದು ಗೇಣು. ನಾಲ್ಕು ಇರಬೇಕಾಗಿತ್ತು. ಆ ಹೆಚ್ಚಿನ ಒಂದು ಗೇಣು ಎಲ್ಲಿಂದ ಬಂತು ಎನ್ನುವುದು ಒಂದು ವರ್ಷದಿಂದ ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ನಿನ್ನೆ ಇಳಿಯಿತು. ಅದಕ್ಕೇ ಇವತ್ತು ಫೋನು ಹಿಡಿದು ಕೂತಿದ್ದೇನೆ.

ಫೋನಿನಲ್ಲಿ ಬರೆಯುವುದನ್ನು ಕಲಿತದ್ದು ಈಚೆಗೆ. ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ. ಒತ್ತಕ್ಷರ ಬಂದರೆ ಉಸಿರು ಬಿಗಿಹಿಡಿಯುತ್ತೇನೆ, ಅದು ಸರಿಯಾಗಿ ಕೂತ ಮೇಲೆ ಬಿಡುತ್ತೇನೆ. ಹೀಗಾಗಿ ಒಂದು ಪುಟ ಬರೆದರೆ ನನಗೆ ಒಂದು ಗುಡ್ಡ ಹತ್ತಿ ಇಳಿದಷ್ಟು ಆಯಾಸ. ಈ ವಯಸ್ಸಿನಲ್ಲಿ ಇದೇಕೆ ಎಂದು ನೀವು ಕೇಳಬಹುದು. ಅದೂ ಆ ಒಂದು ಗೇಣಿನ ಕಥೆಗೇ ಸೇರಿದ್ದು, ತಾಳಿ.

ನಿನ್ನೆ ಬೆಳಗ್ಗೆ ಅಂಗಳ ಗುಡಿಸುವ ಪೊರಕೆ ಮೊಂಡಾಗಿದೆಯೆಂದು ಸೊಸೆ ಸುಜಾತ ಅಟ್ಟದಿಂದ ಹೊಸದೊಂದನ್ನು ಇಳಿಸಿ ಕೊಟ್ಟಳು. ಹೋದ ವರ್ಷ ಮನೆಯಲ್ಲೇ ತೆಂಗಿನ ಗರಿ ಸೀಳಿ ಮಾಡಿಟ್ಟ ಪೊರಕೆಗಳಲ್ಲಿ ಅದೇ ಕೊನೆಯದು. ಒಣ ಕಡ್ಡಿಗೆ ಒಂದು ವಾಸನೆ ಇರುತ್ತದೆ ನೋಡಿ, ಹಳೆಯ ಚಾಪೆಯದೂ ಅಲ್ಲ, ಹುಲ್ಲಿನದೂ ಅಲ್ಲ, ಬಿಸಿಲನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಂತೆ. ಅದನ್ನು ಮೂಸುತ್ತ, ಪೊರಕೆಯ ಬುಡವನ್ನು ಮೆಟ್ಟಿಲಿಗೆ ಕುಟ್ಟಿ ಬಿಗಿ ಮಾಡುತ್ತಿದ್ದೆ. ನಡುವಿನಿಂದ ಒಂದು ಕಡ್ಡಿ ಜಾರಿ ಹೊರಬಂತು. ಮಿಕ್ಕ ಕಡ್ಡಿಗಳ ತುದಿ ಚೂಪು. ಇದರದು ಮೊಂಡು, ಕೈಯಲ್ಲಿ ಮುರಿದದ್ದು. ಬುಡದ ಹತ್ತಿರ ಒಂದು ಹಸಿರು ದಾರ, ಎರಡು ಗಂಟು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸುಜಾತ ಓಡಿ ಬಂದಳು.

"ಏನತ್ತೆ, ಸೊಂಟ ಹಿಡ್ಕೊಂತಾ?"

"ಇಲ್ಲ ಕಣೇ. ಏನೋ ಹಿಡ್ಕೊಂಡಿತ್ತು, ಈಗ ಬಿಡ್ತು" ಎಂದೆ.

ಕಡ್ಡಿಯನ್ನು ಗೇಣಿನಿಂದ ಅಳೆದೆ. ನಾಲ್ಕು. ಮತ್ತೆ ಅಳೆದೆ. ನಾಲ್ಕೇ.

ಈಗ ನಿಮಗೆ ನಮ್ಮ ಅಕ್ಕನ ಪರಿಚಯ ಮಾಡಿಸಬೇಕು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ಭಾವನವರ ಹೆಂಡತಿ. ಭಾವನವರೂ ಇಲ್ಲ, ನಮ್ಮ ಯಜಮಾನರೂ ಇಲ್ಲ. ಅವರಿಬ್ಬರ ಜಗಳಗಳನ್ನೆಲ್ಲ ನಾವಿಬ್ಬರೂ ಆಸ್ತಿಯಂತೆ ಪಾಲಿಗೆ ಪಡೆದು ಈಗಲೂ ಆಡಿಕೊಂಡು ಬಂದಿದ್ದೇವೆ. ನನಗೆ ಮೊಮ್ಮಕ್ಕಳು ಬಂದರೂ ಅಕ್ಕನ ಬಾಯಲ್ಲಿ ನಾನು ಇನ್ನೂ 'ಹುಡುಗಿ'.

ನಮ್ಮದು ಬಸ್ತಿಹಳ್ಳಿ. ಮನೆಯಿಂದ ಕೂಗಿದರೆ ಬಸದಿಗೆ ಕೇಳುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕ ನನ್ನನ್ನು ಬಸದಿಗೆ ಕರೆದುಕೊಂಡು ಹೋಗಿ, ದರ್ಶನ ಆದಮೇಲೆ ಒಂದು ಕಪ್ಪು ಕಂಬದ ಮುಂದೆ ನಿಲ್ಲಿಸಿದಳು. ಆ ಕಂಬಗಳು ಕನ್ನಡಿಯಂತೆ ನುಣುಪು. ಒಂದು ಜಾಗದಲ್ಲಿ ನಿಂತು ಬಗ್ಗಿದರೆ ನಮ್ಮ ಮುಖ ತಲೆಕೆಳಗಾಗಿ ಕಾಣುತ್ತದೆ. ನಾನು ಬೆಚ್ಚಿ ಹಿಂದೆ ಸರಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಭುಜ ಮಾತ್ರ ಕುಣಿಸುತ್ತ ನಕ್ಕಳು.

"ನೋಡ್ಕೊಂಡ್ಯಾ ಹುಡುಗಿ? ಈ ಮನೆಗೆ ಬಂದ್ಮೇಲೆ ಎಲ್ಲಾ ಹಿಂಗೇಯ, ತಲೆಕೆಳಗು. ರೂಢಿ ಮಾಡ್ಕೊ."

ಅವಳ ನಗು ಇಂದಿಗೂ ಹಾಗೆಯೇ. ಹೊರಗೆ ಸದ್ದು ಬರುವುದಿಲ್ಲ. ಭುಜ ಕುಣಿದರೆ ಏನೋ ಕಿತಾಪತಿ ನಡೆದಿದೆ ಎಂದು ಅರ್ಥ.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಅಕ್ಕಪಕ್ಕದ ಮನೆಗಳಲ್ಲಿ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ನಮ್ಮ ಪಾತ್ರೆಗಳು ತೊಳೆದು ಬೋರಲು ಬಿದ್ದಿರುತ್ತವೆ. ಆಮೇಲೆ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಹೀಗಾಗಿ ನಮ್ಮ ಸಂಜೆಗಳು ಬೇರೆಯವರ ಸಂಜೆಗಳಿಗಿಂತ ಉದ್ದ. ಆ ಉದ್ದಕ್ಕೆಲ್ಲ ನನಗೂ ಅಕ್ಕನಿಗೂ ಟಿವಿಯೇ ಗತಿ. ಟಿವಿಯಲ್ಲಿ ಯಾವಳೋ ಉಬ್ಬಿದ ಪೂರಿಯನ್ನು ಎಣ್ಣೆಯಿಂದ ಎತ್ತುತ್ತಿದ್ದರೆ ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. "ಕಣ್ಣಲ್ಲಿ ತಿನ್ನೋದಕ್ಕೆ ಹೊತ್ತುಗೊತ್ತು ಇಲ್ಲ ಕಣೇ" ಎನ್ನುವಳು ಅಕ್ಕ. ಧಾರಾವಾಹಿ ಶುರುವಾಯಿತೆಂದರೆ ಅವಳ ವರದಿಯೂ ಶುರು. ಯಾವ ಅತ್ತೆ ಯಾವ ಸೊಸೆಯ ಹಾಲಿಗೆ ಏನು ಬೆರೆಸುತ್ತಾಳೆ, ಯಾವನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ, ಎಲ್ಲವೂ ಬರೆದವರಿಗಿಂತ ಮುಂಚೆ ಅಕ್ಕನಿಗೆ ಗೊತ್ತು. ನಿಜ ಹೇಳಲಾ? ನಾನು ನೋಡುತ್ತಿದ್ದದ್ದು ಟಿವಿಯನ್ನಲ್ಲ, ಅಕ್ಕ ಟಿವಿ ನೋಡುವುದನ್ನು.

ಹೋದ ವರ್ಷದ ಮಾತು. ಅಕ್ಕ ಹಜಾರಕ್ಕೆ ಬರುವುದನ್ನು ನಿಲ್ಲಿಸಿದಳು. ಊಟವಾದ ಮೇಲೆ ಅಡುಗೆಮನೆಯಲ್ಲೇ ಗೋಡೆಗೆ ಒರಗಿ ಕೂತಿರುವಳು. ದೀಪವನ್ನೂ ಹಾಕುವುದಿಲ್ಲ. ಕರೆದರೆ, "ಅದೇ ಅಳು, ಅದೇ ಒಡವೆ. ನಂಗೆ ಸಾಕಾಯ್ತು, ನೀನು ನೋಡೋಗು." ನನ್ನ ಯಾವುದೋ ಮಾತು ಚುಚ್ಚಿರಬೇಕೆಂದು ಮೊದಲು ಅಂದುಕೊಂಡೆ. ಚುಚ್ಚುವ ಮಾತುಗಳನ್ನು ನಾನು ದಿನಕ್ಕೆ ಹತ್ತಾದರೂ ಆಡುತ್ತೇನೆ, ಅದರಲ್ಲಿ ಯಾವುದೆಂದು ಹುಡುಕಲಿ? ಆಮೇಲೆ ಒಂದು ದಿನ ಅವಳು ಅಕ್ಕಿ ಆರಿಸುವುದನ್ನು ನೋಡಿದೆ. ಕಣ್ಣು ಕಿಟಕಿಯ ಕಡೆ, ಬೆರಳು ಮೊರದಲ್ಲಿ. ಕಲ್ಲನ್ನು ಅವಳು ನೋಡುತ್ತಿರಲಿಲ್ಲ, ಮುಟ್ಟಿ ತಿಳಿಯುತ್ತಿದ್ದಳು. ಆಗ ನೆನಪಾಯಿತು. ಹಜಾರಕ್ಕೆ ಬರುವುದನ್ನು ಬಿಡುವ ಮೊದಲು ಕೆಲವು ಸಂಜೆ ಅವಳು ಮೆಲ್ಲಗೆ, "ಈಗ ಬಂದೋಳು ಅತ್ತೆಯೋ ಸೊಸೆಯೋ?" ಎಂದು ಕೇಳಿದ್ದಳು. ನಾನು ತಮಾಷೆ ಮಾಡುತ್ತಿದ್ದಾಳೆಂದು ನಕ್ಕುಬಿಟ್ಟಿದ್ದೆ.

ಅಕ್ಕನ ಕಣ್ಣಿನ ಪೊರೆ ತೆಗೆಸಿ ವರ್ಷಗಳಾಗಿದ್ದವು. ಮತ್ತೊಮ್ಮೆ ಕಣ್ಣು ತೋರಿಸೋಣ ಎಂದರೆ, "ನಿನಗಿಂತ ಚೆನ್ನಾಗಿ ಸೂಜಿಗೆ ದಾರ ಪೋಣಿಸ್ತೀನಿ" ಎನ್ನುವಳು. ಅಕ್ಕ ಯಾರ ಬಳಿಯೂ ಏನನ್ನೂ ಕೇಳಿದವಳಲ್ಲ. ಮನೆಗೆ ಹಿರಿಯ ಸೊಸೆಯಾಗಿ ಬಂದವಳು ಕೊಡಬೇಕು, ಕೇಳಬಾರದು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರಂತೆ. ನನಗೂ ಅವರೇ ಅತ್ತೆ. ನನಗೆ ಮಾತ್ರ ಹಾಗೆಲ್ಲ ಏನೂ ಹೇಳಿಕೊಟ್ಟ ನೆನಪಿಲ್ಲ. ಆದ್ದರಿಂದ ನಾನು ಮನೆಯವರ ಮುಂದೆ ಘೋಷಿಸಿದೆ: "ನನಗೆ ಟಿವಿ ಸರಿಯಾಗಿ ಕಾಣ್ತಿಲ್ಲ. ದೊಡ್ಡದು ಬೇಕು."

ಮಗ ಧರಣಿ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. "ಹಿತ್ತಲ ಮರದ ಕೊಬ್ಬರಿ ದುಡ್ಡು ನಿನ್ನದೇ ಅಲ್ವೇನಮ್ಮಾ? ಅದರಲ್ಲಿ ಎಷ್ಟು ದೊಡ್ಡದು ಬತ್ತದೋ ಅಷ್ಟು ತಗೊ. ಮೇಲೆ ಬೇಕು ಅಂತ ನನ್ನ ಕಡೆ ನೋಡಬೇಡ."

"ನಿನ್ನ ಕಡೆ ನೋಡಿದ್ರೆ ಏನು ಬತ್ತದೆ ಅಂತ ನಂಗೆ ಗೊತ್ತಿಲ್ವಾ" ಎಂದೆ.

ಕೊಬ್ಬರಿಯ ವಿಷಯ ಬಂದದ್ದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಕಾಯಿಯನ್ನು ಕೂಡಲೇ ಒಡೆಯುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಚಿಪ್ಪು ಬಿಟ್ಟುಕೊಂಡು ಗುಂಡಗೆ ನಿಲ್ಲುತ್ತದೆ. ಅದೇ ಗಿಟುಕು. ಆಗಿದೆಯೋ ಇಲ್ಲವೋ ಎಂದು ನೋಡುವುದು ಅಕ್ಕನ ಕೆಲಸ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾಳೆ. ನೀರು ಕುಲುಕಿದರೆ ಇನ್ನೂ ದಿನ ಬೇಕು, ವಾಪಸ್ ಅಟ್ಟಕ್ಕೆ. ಗಡಗಡ ಎಂದರೆ ಒಣಗಿ ಮುಗಿಯಿತು, ಕೆಳಕ್ಕೆ. ಅವಳ ಕಿವಿ ಒಂದು ಸಲವೂ ತಪ್ಪಿದ್ದಿಲ್ಲ.

ಮೊದಲು ಸುಜಾತಳ ಜೊತೆ ಬೇಲೂರಿಗೆ ಹೋದೆ. ಅಂಗಡಿಯ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಗಿಣಿ. ಅದು ರೆಕ್ಕೆ ಬಿಚ್ಚಿದರೆ ಎಲ್ಲ ಗಿಣಿಗಳೂ ರೆಕ್ಕೆ ಬಿಚ್ಚುತ್ತವೆ. ಆಮೇಲೆ ಒಂದು ಸಮುದ್ರ, ಆಮೇಲೆ ಕೊಯ್ದ ಕಿತ್ತಳೆ ಹಣ್ಣು. ಅಂಗಡಿಯವನು, "ಕಲರ್ ನೋಡಿ ಅಮ್ಮ, ಕಲರ್" ಎಂದ.

"ಗಿಣಿ ಚೆನ್ನಾಗೈತಪ್ಪ. ಆದ್ರೆ ನಮ್ಮನೇಗೆ ಗಿಣಿ ಬರಲ್ಲ. ಸಾಯಂಕಾಲದ ಧಾರಾವಾಹಿ ಬತ್ತದೆ, ಅದನ್ನ ಹಾಕು."

ಅವನಲ್ಲಿ ಕೇಬಲ್ ಇರಲಿಲ್ಲ. ಗಿಣಿ ಮಾತ್ರ ಇತ್ತು. ಜೊತೆಗೆ ಅವನು ಒಂದು ಪ್ರಶ್ನೆ ಕೇಳಿದ: "ಮನೇಲಿ ಟಿವಿ ಇಡೋ ಜಾಗ ಎಷ್ಟಿದೆ?" ನಾವು ಅಳತೆ ತಂದಿರಲಿಲ್ಲ, ಬಸ್ಸು ಹತ್ತಿ ವಾಪಸ್ ಬಂದೆವು.

ಜಾಗ ಎಂದರೆ ನಮ್ಮ ಹಜಾರದ ಗೋಡೆಯಲ್ಲಿರುವ ಗೂಡು. ಡಬ್ಬದಂಥ ಹಳೆಯ ಟಿವಿ ಬಂದಾಗ ನಮ್ಮ ಯಜಮಾನರು ಗೋಡೆ ಒಡೆಸಿ, ಸುತ್ತ ಮರದ ಚೌಕಟ್ಟು ಹಾಕಿಸಿ, ತಾವೇ ನಿಂತು ಮಾಡಿಸಿದ್ದು. ಎಷ್ಟು ದೊಡ್ಡ ಟಿವಿ ತಂದರೂ ಅದು ಆ ಗೂಡಿನೊಳಗೇ ಕೂರಬೇಕು ಎಂದು ನನ್ನ ಹಟ.

ಅಳತೆಗೆ ನಮ್ಮಲ್ಲಿ ಟೇಪು ಹುಡುಕುವ ಅಭ್ಯಾಸವಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಸಂತೆಗೆ ಹೋಗಿ ಚಪ್ಪಲಿ ತರಬೇಕಾದರೆ ಅವರ ಪಾದದ ಪಕ್ಕದಲ್ಲಿ ತೆಂಗಿನ ಕಡ್ಡಿ ಇಟ್ಟು, ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದು, ಯಾರ ಕಡ್ಡಿ ಯಾರದೆಂದು ತಿಳಿಯಲು ಒಂದೊಂದು ಬಣ್ಣದ ದಾರ ಕಟ್ಟಿಕೊಂಡು ಹೋಗುತ್ತಿದ್ದೆವು. ಕಾಲು ಮನೆಯಲ್ಲಿರುತ್ತಿತ್ತು, ಕಡ್ಡಿ ಸಂತೆಗೆ ಹೋಗಿ ಚಪ್ಪಲಿ ಹಾಕಿಕೊಂಡು ನೋಡುತ್ತಿತ್ತು. ಗೂಡಿಗೂ ಹಾಗೇ ಮಾಡಿದೆ. ಅಂದು ಅಕ್ಕ ಜಗಲಿಯಲ್ಲಿ ಗರಿ ಹರವಿಕೊಂಡು ಪೊರಕೆಗೆ ಕಡ್ಡಿ ಸೀಳುತ್ತಿದ್ದಳು. ಅವಳ ರಾಶಿಯಿಂದಲೇ ಉದ್ದದ್ದೊಂದನ್ನು ಎಳೆದುಕೊಂಡೆ. ಗೂಡಿನ ಅಗಲಕ್ಕೆ ಹಿಡಿದು ಮುರಿದೆ. ನಾಲ್ಕು ಗೇಣು. ಹೊಲಿಗೆ ಡಬ್ಬದಿಂದ ಹಸಿರು ದಾರ ತೆಗೆದು ಕಟ್ಟಿದೆ. ಜಗಲಿಯ ಕಿಟಕಿಯಲ್ಲಿ ಇಟ್ಟೆ.

"ಅಕ್ಕ, ನಾಳೆ ಅರಸೀಕೆರೆಗೆ ಹೋಗ್ತೀವಿ. ಟಿವಿ ನಾಲ್ಕು ಗೇಣಿಂದು ಸಾಕಲ್ವಾ?"

"ನಂಗ್ಯಾಕೆ ಕೇಳ್ತೀಯ? ನೋಡೋಳು ನೀನು."

"ಆದ್ರೂ ಹೇಳು."

"ನಾಲ್ಕಾದ್ರೇನು ಎಂಟಾದ್ರೇನು. ಆ ಕತ್ತಿ ಇತ್ತ ಕೊಡು" ಎಂದಳು, ಗರಿಯಿಂದ ಕೈಯೆತ್ತದೆ.

ಮರುದಿನ ಬೆಳಗ್ಗೆ ಕಿಟಕಿಯಿಂದ ಕಡ್ಡಿ ತೆಗೆದುಕೊಂಡು ಬಸ್ಸು ಹತ್ತಿದೆವು. ಜಾವಗಲ್ ದಾಟುವಾಗ ಪಕ್ಕದ ಸೀಟಿನ ಗಂಡಸು, "ಏನಜ್ಜಿ, ಬೆತ್ತ ಹಿಡ್ಕಂಡು ಹೊಂಟಿದ್ದೀರಲ್ಲ, ಯಾರಿಗೆ ಹೊಡೆಯೋಕೆ?" ಎಂದ. "ಕೇಳ್ದೋರಿಗೆ" ಎಂದು ಕಡ್ಡಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಆಗ ಕಣ್ಣಿಗೆ ಬಿತ್ತು. ದಾರ ನೀಲಿ.

ಹಸಿರು ಕಟ್ಟಿದ್ದೆನಲ್ಲ? ಅಥವಾ ಹಸಿರು ಕಟ್ಟಬೇಕೆಂದುಕೊಂಡು ನೀಲಿ ಕಟ್ಟಿದೆನೋ? ಬಾಣಾವರ ಬರುವ ತನಕ ಯೋಚಿಸಿದೆ. ಸುಜಾತಳಿಗೆ ಹೇಳಲಿಲ್ಲ.

ಅರಸೀಕೆರೆಯ ಅಂಗಡಿಯವರು ಮಾತಿನ ಮನುಷ್ಯ. ನಾನು ಕೇಳಿದ ತಕ್ಷಣ ಗಿಣಿಯನ್ನು ಓಡಿಸಿ ಧಾರಾವಾಹಿ ಹಾಕಿದರು. "ನಮ್ಮ ಟಿವೀಲಿ ಕ್ಲಿಯರ್ ಅಂದ್ರೆ ಕ್ಲಿಯರ್ ಅಜ್ಜಿ. ಮಾಲೇಕಲ್ಲು ಬೆಟ್ಟ ಹತ್ತೋರನ್ನ ತೋರಿಸಿದ್ರೆ ಯಾರು ಯಾರು ಏದುಸಿರು ಬಿಡ್ತಾವ್ರೆ ಅಂತ ಹೇಳಬಹುದು." ನಾನು ಒಂದರ ಬೆನ್ನಿಗೆ ಬೆರಳಿನಿಂದ ಟಕಟಕ ಎಂದು ಬಡಿದು ನೋಡಿದೆ. "ಬಡೀಬೇಡಿ ಅಜ್ಜಿ, ಅದು ಕಾಯಲ್ಲ!"

ಆಮೇಲೆ ನಾನು ಮಾಡಿದ ಪರೀಕ್ಷೆ ಯಾವ ಕಂಪನಿಯವರೂ ಮಾಡಿರಲಾರರು. ನಮ್ಮ ಹಜಾರದಲ್ಲಿ ಅಕ್ಕನ ಕುರ್ಚಿ ಎಷ್ಟು ದೂರವೋ ಅಂದಾಜಿನಲ್ಲಿ ಅಷ್ಟು ಹಿಂದಕ್ಕೆ ಹೋಗಿ ನಿಂತು, ಸೀರೆಯ ಸೆರಗನ್ನು ಎರಡು ಮಡಿಕೆ ಮಾಡಿ ಕಣ್ಣಿಗೆ ಮುಚ್ಚಿಕೊಂಡೆ. ಅಕ್ಕನಿಗೆ ಜಗತ್ತು ಹೀಗೇ ಕಾಣುತ್ತಿರಬೇಕೆಂದು ನನ್ನ ಊಹೆ. ಮಂಜಿನ ಹಿಂದೆ ಬಣ್ಣಗಳು ಓಡಾಡುತ್ತಿದ್ದವು.

"ಏನಜ್ಜಿ, ನಾಚಿಕೆನಾ?" ಅಂಗಡಿಯವರು ಕೇಳಿದರು.

"ಸುಮ್ಕಿರಪ್ಪ. ಈಗ ಬಂದೋಳು ಅತ್ತೆಯೋ ಸೊಸೆಯೋ, ಹೇಳಬೇಡ, ನಾನೇ ಹೇಳ್ತೀನಿ."

ಮೂವತ್ತೆರಡು ಇಂಚಿನದರಲ್ಲಿ ಸೊಸೆಯನ್ನು ಅತ್ತೆ ಎಂದೆ. ನಲವತ್ತಮೂರು ಇಂಚಿನದರಲ್ಲಿ ಸರಿಯಾಗಿ ಹೇಳಿದೆ. ಮನಸ್ಸು ನಲವತ್ತಮೂರರ ಕಡೆ ವಾಲಿತು. ಆದರೆ ಗೂಡು? ಈ ಇಂಚಿನ ಲೆಕ್ಕವೂ ಮೋಸದ್ದು. ಅವರು ಅಳೆಯುವುದು ಮೂಲೆಯಿಂದ ಮೂಲೆಗಂತೆ. ಸೀರೆಯನ್ನು ಯಾರಾದರೂ ಮೂಲೆಯಿಂದ ಮೂಲೆಗೆ ಅಳೆದು ಮಾರಿದ್ದನ್ನು ನೀವು ಕಂಡಿದ್ದೀರಾ? ನಾನು ಕಡ್ಡಿಯನ್ನೇ ನಂಬಿದೆ. ಮೂವತ್ತೆರಡರ ಮೇಲೆ ಇಟ್ಟರೆ ಎರಡೂ ಕಡೆ ಕಡ್ಡಿ ಹೊರಗೆ ಚಾಚಿತು. ನಲವತ್ತಮೂರರ ಮೇಲೆ ಇಟ್ಟೆ. ಅಳೆದು ಮಾಡಿಸಿದ ಹಾಗೆ ಕೂತಿತು.

ಸುಜಾತ ಮೆಲ್ಲಗೆ, "ಅತ್ತೆ, ಗೂಡು ನಾಲ್ಕು ಗೇಣು ಅಂದಿದ್ರಲ್ವಾ?" ಎಂದಳು.

ಕಡ್ಡಿಯ ಮೇಲೆ ಗೇಣು ಹಾಕಿದೆ. ಐದು. ಮತ್ತೊಮ್ಮೆ ಹಾಕಿದೆ, ಐದೇ. ಹಸಿರು ಎಂದುಕೊಂಡದ್ದು ನೀಲಿ, ನಾಲ್ಕು ಎಂದುಕೊಂಡದ್ದು ಐದು. ಆದರೂ ಕಡ್ಡಿ ಗೂಡಿಗೆ ಹಿಡಿದು ಮುರಿದದ್ದು, ಅದಕ್ಕೆ ಮರೆವಿಲ್ಲ. ತಪ್ಪಿದ್ದರೆ ನನ್ನ ಬಾಯಿ ತಪ್ಪಿರಬೇಕು. ಹಾಗೆಂದು ಸಮಾಧಾನ ಮಾಡಿಕೊಂಡೆ. "ಬಾಯಿ ತಪ್ಪಿ ನಾಲ್ಕು ಅಂದಿರಬೇಕು ಕಣೇ. ಕಡ್ಡಿ ಸುಳ್ಳು ಹೇಳಲ್ಲ."

ಹೆಸರಾಂತ ಕಂಪನಿಯ ನಲವತ್ತಮೂರು ನನ್ನ ಕೊಬ್ಬರಿಗೆ ನಿಲುಕುವಂತಿರಲಿಲ್ಲ. ನಿಲುಕಿದ್ದು ನಾನು ಹೆಸರೇ ಕೇಳದ ಒಂದು. ಅದರಲ್ಲೂ ಮಾತಾಡಿದರೆ ಕೇಳುವ ರಿಮೋಟು ಇರುವುದಕ್ಕೆ ಒಂದು ಬೆಲೆ, ಇಲ್ಲದ್ದಕ್ಕೆ ಒಂದು ಬೆಲೆ. "ಆ ರಿಮೋಟು ಬೇಡ. ನಮ್ಮನೇಲಿ ನನ್ನ ಮಾತು ಯಾರೂ ಕೇಳಲ್ಲ, ಅದೊಂದು ಕೇಳಿ ಏನಾಗಬೇಕು?" ಎಂದೆ. ಅಂಗಡಿಯವರು ನಕ್ಕು, ಗೋಡೆಗೆ ನೇತುಹಾಕುವ ಕಬ್ಬಿಣದ ಚೌಕಟ್ಟನ್ನು ಪುಕ್ಕಟೆ ಕೊಟ್ಟರು. ಗೂಡಿರುವ ಮನೆಗೆ ಅದೇಕೆ ಎಂದು ನಾನು ಬೇಡವೆಂದೆ. ಸುಜಾತ ಸುಮ್ಮನೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅವಳು ಪುಕ್ಕಟೆ ಬಂದದ್ದನ್ನು ಬಿಡುವವಳಲ್ಲ, ನನ್ನ ಸೊಸೆ.

ಮಾರನೆಯ ದಿನ ಲಗೇಜ್ ಆಟೋದಲ್ಲಿ ಟಿವಿ ಬಂತು. ಕೂರಿಸಲು ಬಂದವನು ಗೂಡಿನ ಮುಂದೆ ಹಿಡಿದು, "ಅಮ್ಮ, ಇದು ಹೋಗಲ್ಲ" ಎಂದ. ಒಂದು ಗೇಣಿನಷ್ಟು ಹೊರಗೇ ಉಳಿಯಿತು. ಧರಣಿ ನನ್ನ ಕಡೆ ನೋಡಿದ. "ಅಳತೆ ತಗೊಂಡಿದ್ದೆ ತಾನೇ ಅಮ್ಮ?" ಸುಜಾತ ನನ್ನ ಪರವಾಗಿ ಬಂದಳು. "ಬಿಡ್ರೀ, ವಯಸ್ಸಾದೋರು. ಈಚೆಗೆ ಅತ್ತೆಗೆ ಸ್ವಲ್ಪ ಮರೆವು, ಏನಾಯ್ತೀಗ?"

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಅದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಪುಕ್ಕಟೆ ಚೌಕಟ್ಟು ಕೆಲಸಕ್ಕೆ ಬಂತು. ಎದುರು ಗೋಡೆಯ ಕ್ಯಾಲೆಂಡರ್ ಇಳಿಸಿ ಟಿವಿಯನ್ನು ಅಲ್ಲಿ ನೇತುಹಾಕಿದರು. ಆಫ್ ಇದ್ದಾಗ ಅದು ಬಸದಿಯ ಕಂಬದಂತೆಯೇ ಕಪ್ಪಗೆ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ ನೆಟ್ಟಗೇ ಕಾಣುತ್ತಿತ್ತು, ಒಳಗೆ ಮಾತ್ರ ಎಲ್ಲ ತಲೆಕೆಳಗು. ಸಂಜೆ ಊಟವಾದ ಮೇಲೆ ಧಾರಾವಾಹಿಯ ಹಾಡು ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಬಾಗಿಲು ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಅಯ್ಯೋ, ಇವಳು ಮೂಗುಬೊಟ್ಟು ಬದಲಾಯಿಸವಳೆ ಕಣೇ!" ಎಂದಳು.

ಮೂಗುಬೊಟ್ಟು! ನನಗೆ ಕೂಡ ಅದು ಕಂಡಿರಲಿಲ್ಲ. ಅಂದು ನನ್ನ ಅರ್ಧ ಭಾರ ಇಳಿಯಿತು. ಆಮೇಲೆ ಕಣ್ಣು ತೋರಿಸಲೂ ಒಪ್ಪಿದಳು. ಧರಣಿ ಹಾಸನಕ್ಕೆ ಕರೆದುಕೊಂಡು ಹೋದ. ವಯಸ್ಸಿನ ಮಂಜು, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಔಷಧಿ ಕೊಟ್ಟರು. ಸಂಜೆಯ ವರದಿ ಮತ್ತೆ ಶುರುವಾಯಿತು.

ಉಳಿದರ್ಧ ಭಾರದ ಮಾತು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನನ್ನ ತವರು ಹುಲಿಕೆರೆ. ನಮ್ಮಮ್ಮ ಅಲ್ಲಿ ಇಡೀ ಬೀದಿಯ ಹುಟ್ಟು ಸಾವುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದವಳು. ಅವಳ ಮರೆವು ಶುರುವಾದದ್ದು ಸಣ್ಣದರಿಂದ. ಸಾರಿಗೆ ಎರಡು ಸಲ ಉಪ್ಪು. ಸೀರೆಯ ಬಣ್ಣ ಬೇರೆ ಹೇಳುವುದು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಕೊನೆಗೊಂದು ದಿನ ನಾನು ಊರಿಗೆ ಹೋದಾಗ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಬಹಳ ಮರ್ಯಾದೆಯಿಂದ, "ನೀವು ಯಾರ ಪೈಕಿಯಮ್ಮ?" ಎಂದು ಕೇಳಿದಳು.

ನೀಲಿ ದಾರವನ್ನು ಕಂಡಾಗಿನಿಂದ ಆ ಮಾತು ನನ್ನ ಬೆನ್ನು ಹತ್ತಿತ್ತು. ಟಿವಿ ನೋಡುವಾಗಲೆಲ್ಲ ಆ ಹೆಚ್ಚಿನ ಗೇಣೇ ಕಣ್ಣಿಗೆ ಹೊಡೆಯುವುದು. ಬೆಳಗ್ಗೆ ಎದ್ದ ಕೂಡಲೇ ನನಗೆ ನಾನೇ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದೆ. ಮೊಮ್ಮಕ್ಕಳ ನಕ್ಷತ್ರ, ನಿನ್ನೆಯ ಪಲ್ಯ, ಇಪ್ಪತ್ತನಾಲ್ಕು ತೀರ್ಥಂಕರರ ಹೆಸರು ಮುಂದಿನಿಂದ, ಆಮೇಲೆ ಹಿಂದಿನಿಂದ. ಹಿಂದಿನಿಂದ ಹೇಳುವಾಗ ನಡುವೆ ಒಬ್ಬರು ತಪ್ಪಿದರೆ ಅಂದು ಕಾಫಿ ರುಚಿಸುತ್ತಿರಲಿಲ್ಲ. ಹೊಸದನ್ನು ಕಲಿಯುವ ತಲೆ ಕೆಟ್ಟಿರಲಾರದು ಎಂದು ಯೋಚಿಸಿಯೇ ಈ ಫೋನಿಗೆ ಕೈಹಾಕಿದ್ದು. ನಾನು ಬರೆದ ಮೊದಲ ಸಂದೇಶ, ಅಡುಗೆಮನೆಯಲ್ಲಿದ್ದ ಸುಜಾತಳಿಗೆ, ಹಜಾರದಿಂದ: 'ಸಾರಿಗೆ ಉಪ್ಪು ಕಡಿಮೆ.' ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿಗೆ ಏನು ಉತ್ಸಾಹ ಎಂದರು. ಉತ್ಸಾಹವಲ್ಲ ಅದು, ಹೆದರಿಕೆ.

ಈಗ ನಿನ್ನೆಯ ಕಡ್ಡಿಗೆ ಬನ್ನಿ. ನಾಲ್ಕು ಗೇಣು, ಹಸಿರು ದಾರ, ಪೊರಕೆಯೊಳಗೆ. ಪೊರಕೆ ಕಟ್ಟಿದವಳು ಅಕ್ಕ. ಹಾಗಾದರೆ ನಾನು ಅರಸೀಕೆರೆಗೆ ಹೊತ್ತುಕೊಂಡು ಹೋದದ್ದು ಯಾರು ಮುರಿದ ಕಡ್ಡಿ? ಯಾರು ಕಟ್ಟಿದ ದಾರ? ಇಡೀ ದಿನ ಬಾಯಿ ಬಿಡದೆ ಇದ್ದೆ. ಇದು ನನ್ನ ಜೀವಮಾನದ ದಾಖಲೆ.

ಸಂಜೆ ಊಟವಾಯಿತು. ಅಕ್ಕ ಕುರ್ಚಿಯಲ್ಲಿ ಕೂತು ಧಾರಾವಾಹಿಯಲ್ಲಿ ಮುಳುಗಿದ್ದಳು. ನಾನು ಹೋಗಿ ಟಿವಿಯ ಮುಂದೆ ನಿಂತು ಕಡ್ಡಿಯನ್ನು ಎತ್ತಿ ಹಿಡಿದೆ.

"ಏನಕ್ಕ ಇದು?"

"ಕಡ್ಡಿ."

"ದಾರ ಯಾವ ಬಣ್ಣ?"

ಅಕ್ಕ ಕಣ್ಣು ಕಿರಿದು ಮಾಡಿದಳು. "ನೀಲಿ. ಅಲ್ಲ, ಹಸ್ರು. ಯಾವ್ದೋ ಒಂದು." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯತೊಡಗಿತು. "ಅವತ್ತೂ ಅದೇ ಆಯ್ತು ಕಣೇ. ಡಬ್ಬದಾಗೆ ಎಲ್ಲಾ ಒಂದೇ ಥರ ಕಾಣ್ತಿತ್ತು."

"ಅಲ್ಲಕ್ಕ, ದೊಡ್ಡದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ರೆ ನಾನು ತರ್ತಿರಲಿಲ್ವಾ?"

"ಕೇಳಿದ್ರೆ ನಿನ್ನ ಬಾಯಿ ಸುಮ್ಕಿರ್ತಿತ್ತಾ? ಅಕ್ಕಂಗೆ ಕಣ್ಣು ಹೋಯ್ತು ಅಂತ ಹಳೇಬೀಡು ಬಸ್ ಸ್ಟ್ಯಾಂಡ್ ಗಂಟ ಸಾರ್ತಿದ್ದೆ."

"ಗೂಡಿಗೆ ಹೋಗಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೂಡು ನೋಡೋಕೆ ಟಿವಿ ತಂದ್ಯಾ?"

ನಾನು ನಗಬೇಕೆಂದೇ ಹೊರಟಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ. "ಒಂದು ವರ್ಷ ಅಕ್ಕ. ದಾರದ ಬಣ್ಣ ಮರೆತೆ, ಅಳತೆ ಮರೆತೆ, ನನ್ನ ತಲೆ ಹೋಯ್ತು, ನಾನೂ ಅಮ್ಮನ ಥರ ಆಗ್ತಿದ್ದೀನಿ ಅಂತ ಒಂದು ವರ್ಷದಿಂದ..."

ಅಕ್ಕನ ಭುಜ ನಿಂತಿತು. ಹುಲಿಕೆರೆಯಲ್ಲಿ ಅಮ್ಮನ ಕೊನೆಯ ದಿನಗಳನ್ನು ಅವಳೂ ಕಂಡವಳು. "ಬಗ್ಗು" ಎಂದಳು. ಬಗ್ಗಿದೆ. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಿವಿಯ ಹತ್ತಿರ ತಂದುಕೊಂಡು, ಅಟ್ಟದ ಮೇಲೆ ಕಾಯಿ ನೋಡುವ ಹಾಗೆ ಮೆಲ್ಲಗೆ ಅಲ್ಲಾಡಿಸಿದಳು. ಕಣ್ಣು ಮುಚ್ಚಿ ಆಲಿಸಿದಳು. ಮತ್ತೊಂದು ಸಲ ಅಲ್ಲಾಡಿಸಿದಳು.

"ನೀರು ಕುಲುಕ್ತೈತೆ ಕಣೇ ಹುಡುಗಿ. ಗಿಟುಕಾಗೋಕೆ ಇನ್ನೂ ಬೇಕಾದಷ್ಟು ದಿನ ಐತೆ. ಈಗ ಆಚೆಗೆ ಸರಿ, ಐದು ಗೇಣಿನ ಟಿವಿಗೆ ಆರು ಗೇಣು ಅಡ್ಡ ನಿಂತಿದ್ದೀಯ."